ನೀರು ಒಂದು ಸಾಲಿನಲ್ಲಿ, ನಾಯಿ ಇನ್ನೊಂದು ಸಾಲಿನಲ್ಲಿ

ಇವರಿಗೆ,
ಶ್ರೀಮತಿ ನೀರುನಾಯಮ್ಮನವರು ಮತ್ತು ಕುಟುಂಬದವರು,
ಆನೆಬಂಡೆಯ ಕೆಳಗಿನ ಎರಡನೆಯ ಪೊಟರೆ, ಜೊಂಡಿನ ಮೆಳೆಯ ಪಕ್ಕ,
ತುಂಗಭದ್ರಾ ಹೊಳೆಯ ಬಲದಂಡೆ, ಹೊಳೆಹಾಳು ಗ್ರಾಮ,
ಹೊಸಪೇಟೆಯಿಂದ ಕಂಪ್ಲಿಗೆ ಹೋಗುವ ದಾರಿ.

ವಿಷಯ: ಬರುವ ಗುರುವಾರ ಬೆಳಗ್ಗೆ ಹನ್ನೊಂದು ಗಂಟೆಗೆ ತಾವು ಖುದ್ದಾಗಿ ಹಾಜರಾಗಿ, ತಾವು ನಾಯಿಯಲ್ಲವೆಂದು ತೋರಿಸಿಕೊಡುವ ಬಗ್ಗೆ.
ಉಲ್ಲೇಖ: ಹೋದ ತಿಂಗಳು ನಾನೇ ಬರೆದ ತಲೆಕೆಟ್ಟ ಅರ್ಜಿ.

ಮಾನ್ಯರೇ,

ಚಳಿಗಾಲದ ಹೊಳೆನೀರಿನಲ್ಲಿ ದಿನವಿಡೀ ಮುಳುಗಿ ಎದ್ದರೂ ಒಂದು ಸಲವೂ ಸೀನದ ತಮ್ಮ ಆರೋಗ್ಯಕ್ಕೂ, ಕೆಸರುನೀರಿನೊಳಗೂ ಮೀನಿನ ಸುಳಿವು ಹಿಡಿದುಕೊಡುವ ತಮ್ಮ ಯಜಮಾನರ ಮೀಸೆಗೂ, ಈಗಷ್ಟೇ ಹಲ್ಲು ಬಂದಿರುವ ತಮ್ಮ ಮೂರು ಮರಿಗಳಿಗೂ, ಹೋದ ವರ್ಷದ ಹೆರಿಗೆಯ ನಾಲ್ಕು ದೊಡ್ಡ ಮಕ್ಕಳಿಗೂ, ಏನು ಸಂಬಂಧವೆಂದು ನನಗೆ ಇನ್ನೂ ತಿಳಿಯದಿದ್ದರೂ ತಮ್ಮ ಜೊತೆಯಲ್ಲೇ ಉಂಡುಕೊಂಡು ಹಾಯಾಗಿರುವ ಇನ್ನಿಬ್ಬರಿಗೂ, ಒಟ್ಟು ಹನ್ನೊಂದು ಮಂದಿಗೂ ನನ್ನ ತಲೆಬಾಗಿದ ನಮಸ್ಕಾರಗಳು. ತಾವೆಲ್ಲ ಕ್ಷೇಮವೆಂಬುದು ನನ್ನ ಬಲೆ ನೋಡಿದರೇ ಗೊತ್ತಾಗುತ್ತದೆ. ನಮ್ಮ ಕ್ಷೇಮವನ್ನು ತಾವು ವಿಚಾರಿಸುವ ಪದ್ಧತಿ ಇಲ್ಲವಾದ್ದರಿಂದ ನಾನೇ ಹೇಳಿಬಿಡುತ್ತೇನೆ, ಕ್ಷೇಮವಿಲ್ಲ.

ನಾನು ಮೂಕಣ್ಣ. ಹೆಸರಿನಿಂದ ಅಲ್ಲದಿದ್ದರೂ ಬಲೆಯಿಂದ ತಾವು ನನ್ನನ್ನು ಚೆನ್ನಾಗಿ ಬಲ್ಲಿರಿ. ಮೂವತ್ತೆಂಟು ವರ್ಷದಿಂದ ಇದೇ ತಿರುವಿನಲ್ಲಿ ಹರಿಗೋಲು ಹಾಕಿ ಮೀನು ಹಿಡಿಯುವವನು, ಬಿಡುವಾದಾಗ ಊರಿಗೆಲ್ಲ ಅರ್ಜಿ ಬರೆದುಕೊಡುವವನು. ಹೆತ್ತವರು ಮೂಕಣ್ಣ ಎಂದು ಹೆಸರಿಟ್ಟರೂ ಕಾಗದದ ಮೇಲೆ ನನ್ನ ಬಾಯಿ ಮುಚ್ಚಿಸಿದವರು ಈ ಹೋಬಳಿಯಲ್ಲಿ ಇನ್ನೂ ಹುಟ್ಟಿಲ್ಲ. ಇದನ್ನು ಬಹಿರಂಗ ಪತ್ರವಾಗಿ ಬರೆದು ಪಂಚಾಯಿತಿಯ ನೋಟಿಸ್ ಬೋರ್ಡಿಗೊಂದು, ಬಸ್ ನಿಲ್ಲುವ ಕಡೆಯ ಚಹಾದಂಗಡಿಯ ಗೋಡೆಗೊಂದು, ಆನೆಬಂಡೆಗೊಂದು ಪ್ರತಿ ಅಂಟಿಸುತ್ತಿದ್ದೇನೆ. ಅಂಚೆಗೆ ಏಕೆ ಹಾಕಲಿಲ್ಲವೆಂದು ತಾವು ಬೇಸರಪಡಬಾರದು. ತಮ್ಮ ಮನೆಗೆ ಎರಡು ಬಾಗಿಲು, ಒಂದು ನೀರಿನೊಳಗೆ, ಇನ್ನೊಂದು ಬಂಡೆಸಂದಿಯಲ್ಲಿ, ಯಾವುದರೊಳಗೆ ಹಾಕಲಿ ಎಂದು ಅಂಚೆಯವನು ಕಾಗದವನ್ನು ನನಗೇ ವಾಪಸು ತಂದುಕೊಡುತ್ತಾನೆ.

ಮೊದಲಿಗೆ, ತಮ್ಮ ಕಸುಬಿನ ಬಗ್ಗೆ ನನಗಿರುವ ಗೌರವವನ್ನು ದಾಖಲೆಗೆ ತರಲು ಬಯಸುತ್ತೇನೆ. ತಾವು ಹನ್ನೊಂದೂ ಜನ ಅರ್ಧಚಂದ್ರದ ಹಾಗೆ ಸಾಲುಗಟ್ಟಿ, ಒಬ್ಬರಿಗೊಬ್ಬರು ಸಿಳ್ಳೆ ಹಾಕಿಕೊಳ್ಳುತ್ತ, ಜಿಲೇಬಿ ಮೀನಿನ ಇಡೀ ಹಿಂಡನ್ನು ದಂಡೆಯ ಕಡೆಗೆ ಅಟ್ಟಿಕೊಂಡು ಬರುವ ಚೆಂದವನ್ನು ನೋಡಿದಾಗಲೆಲ್ಲ, ನಮ್ಮ ಮೀನುಗಾರರ ಸಂಘದ ಸಭೆಯಲ್ಲಿ ಐದು ಜನ ಒಂದು ಮಾತಿಗೆ ಬಾರದ್ದು ನೆನಪಾಗಿ ನಾನು ಒಳಗೊಳಗೇ ನಾಚಿಕೊಂಡಿದ್ದೇನೆ. ತಿಂದಾದ ಮೇಲೆ ಮರಳಿನಲ್ಲಿ ಹೊರಳಿ ಮೈ ಒಣಗಿಸಿಕೊಂಡು, ಅದೇ ಚಪ್ಪಟೆ ಬಂಡೆಯ ಮೇಲೆ, ಅದೇ ಜಾಗದಲ್ಲಿ, ಮನೆಮಂದಿಯೆಲ್ಲ ಸರದಿ ಪ್ರಕಾರ ಬಹಿರ್ದೆಸೆ ಮುಗಿಸುವ ತಮ್ಮ ಶಿಸ್ತಂತೂ, ಸರ್ಕಾರ ಕಟ್ಟಿಸಿಕೊಟ್ಟ ಶೌಚಾಲಯದಲ್ಲಿ ಸೌದೆ ಒಟ್ಟಿಕೊಂಡಿರುವ ನಮ್ಮಂಥವರು ಬಂದು ಕೈಕಟ್ಟಿ ನಿಂತು ಕಲಿಯಬೇಕಾದದ್ದು. ಅಲ್ಲಿ ಉಳಿದ ಮೀನಿನ ಪೊರೆ, ಏಡಿಯ ಚಿಪ್ಪು ನೋಡಿಯೇ ಈ ವಾರ ಹೊಳೆಯಲ್ಲಿ ಯಾವ ಮೀನು ಓಡಾಡುತ್ತಿದೆ ಎಂದು ತಿಳಿದುಕೊಂಡು ನಾನು ಬಲೆಯ ಕಣ್ಣು ಬದಲಾಯಿಸುತ್ತೇನೆ. ಇದನ್ನು ನಾನು ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ.

ಹಂಪಿ ನೋಡಲು ಬಂದ ವಿದೇಶದವರು ಮೊಳದುದ್ದದ ಕ್ಯಾಮೆರಾ ಹೊತ್ತುಕೊಂಡು, ತಮ್ಮ ಬಾಲದ ತುದಿಯಾದರೂ ಕಂಡೀತೆಂದು ಮೂರು ಮೂರು ದಿನ ಬಂಡೆಯ ಮೇಲೆ ಬಿಸಿಲಲ್ಲಿ ಕೂತು, ಮೂಗಿನ ಚರ್ಮ ಸುಲಿಸಿಕೊಂಡು ಬರಿಗೈಲಿ ವಾಪಸು ಹೋದದ್ದುಂಟು. ಪಾಪ, ಅವರಿಗೆ ಇಲ್ಲದ ಭಾಗ್ಯ ನನಗಿದೆ. ತಮ್ಮ ದರ್ಶನ ನನಗೆ ದಿನಾ ಬೆಳಗ್ಗೆ, ಕೇಳದೆಯೇ, ನನ್ನ ಬಲೆಯೊಳಗೇ ಆಗುತ್ತದೆ. ಬಲೆಯಲ್ಲಿ ಹತ್ತು ಮೀನಿದ್ದು ಹತ್ತನ್ನೂ ತಾವು ತಿಂದು ಹೋಗಿದ್ದರೆ ನನಗೆ ಇಷ್ಟು ಹೊಟ್ಟೆ ಉರಿಯುತ್ತಿರಲಿಲ್ಲ. ಒಂದೊಂದರ ತಲೆಯನ್ನು ಮಾತ್ರ ರುಚಿ ನೋಡಿ, ಉಳಿದದ್ದನ್ನು ಮೂಕಣ್ಣನೂ ಬದುಕಲಿ ಎಂದು ಬಿಟ್ಟುಹೋಗುವ ತಮ್ಮ ಆ ಉದಾರಬುದ್ಧಿ ಇದೆಯಲ್ಲ, ಅದನ್ನು ತಡೆದುಕೊಳ್ಳುವುದು ಕಷ್ಟ. ತಲೆಯಿಲ್ಲದ ಮೀನನ್ನು ಕಂಪ್ಲಿಯ ಸಂತೆಯಲ್ಲಿ ಯಾರೂ ಮೂಸಿಯೂ ನೋಡುವುದಿಲ್ಲ.

ಇಷ್ಟಾದರೂ ಮೂವತ್ತೆಂಟು ವರ್ಷದಲ್ಲಿ ತಮ್ಮ ಮೇಲೆ ನಾನು ಒಂದು ಅಕ್ಷರ ಬರೆದವನಲ್ಲ. ಬೈದಿದ್ದೇನೆ, ನಿಜ, ಹರಿಗೋಲಿನ ಮೇಲೆ ನಿಂತು ತಮ್ಮ ಹನ್ನೊಂದು ತಲೆಮಾರನ್ನೂ ಎತ್ತಿ ಆಡಿದ್ದೇನೆ. ಆದರೆ ಬರೆದಿರಲಿಲ್ಲ. ಹೋದ ತಿಂಗಳು ಸಂಕ್ರಾಂತಿಯ ಹಿಂದಿನ ದಿನ ಮಾತ್ರ ನನ್ನ ತಾಳ್ಮೆ ಕಟ್ಟೆಯೊಡೆಯಿತು. ಅಂದು ನೀರಿಗೆ ಬಿಟ್ಟದ್ದು ಹೊಸ ಬಲೆ. ನನ್ನ ಹೆಂಡತಿ ಹುಲುಗಮ್ಮ, ತಲೆ ಮೇಲೆ ಬುಟ್ಟಿ ಹೊತ್ತು ಕಂಪ್ಲಿಗೆ ಹೋಗಿ ಮೀನು ಮಾರಿ ಬಂದು, ಸಂಜೆಯ ಹೊತ್ತು ಕಟ್ಟೆಯ ಮೇಲೆ ಕೂತು ಮೂರು ತಿಂಗಳು ಹೆಣೆದ ಬಲೆ. ಬೆಳಗ್ಗೆ ಎತ್ತಿದರೆ ಅದರ ನಟ್ಟನಡುವೆ, ನಮ್ಮ ಮನೆಯ ಊಟದ ತಟ್ಟೆ ಇಟ್ಟು ಗೆರೆ ಎಳೆದು ಕತ್ತರಿಸಿದ ಹಾಗೆ, ದುಂಡನೆಯ ತೂತು! ನನ್ನ ಮೈಯೆಲ್ಲ ಬೆಂಕಿಯಾಯಿತು. ಅಂಗಿ ಕೂಡ ಬದಲಾಯಿಸದೆ, ಒದ್ದೆ ಪಂಚೆಯಲ್ಲೇ ಕೂತು ಅರ್ಜಿ ಬರೆದೆ.

ಇಲ್ಲಿಂದ ಮುಂದೆ ನಡೆದದ್ದೆಲ್ಲ ನನ್ನ ತಪ್ಪೇ ಎಂದು ಹುಲುಗಮ್ಮ ಹೇಳುತ್ತಾಳೆ; ಹಾಳೆಯ ತಪ್ಪು ಎಂದು ನಾನು ಹೇಳುತ್ತೇನೆ. ನನ್ನ ಕೈಬರಹ ದಪ್ಪ, ಹಾಳೆ ಗಿಡ್ಡ. ‘ವಿಷಯ: ಬಡ ಮೀನುಗಾರನ ಪಾಲಿಗೆ ಕಂಟಕವಾಗಿರುವ ನೀರು’ ಎನ್ನುವಷ್ಟರಲ್ಲಿ ಅಂಚು ಬಂದುಬಿಟ್ಟಿತು, ‘ನಾಯಿಗಳ ಹಾವಳಿ ಕುರಿತು’ ಎಂದು ಕೆಳಗಿನ ಸಾಲಿಗೆ ಇಳಿದೆ. ಎರಡನ್ನೂ ಕೂಡಿಸುವ ಒಂದು ಸಣ್ಣ ಗೀಟು ಎಳೆದಿದ್ದರೆ ಸಾಕಿತ್ತು. ಸಿಟ್ಟು ಬಂದವನಿಗೆ ಗೀಟು ಎಳೆಯುವ ವ್ಯವಧಾನ ಎಲ್ಲಿಂದ ಬರಬೇಕು, ತಾವೇ ಹೇಳಿ.

ಪಂಚಾಯಿತಿಯಲ್ಲಿ ಕಂಪ್ಯೂಟರ್ ಮುಂದೆ ಕೂರುವವಳು ಸುಧಾರಾಣಿ, ನಮ್ಮ ಊರಿನದೇ ಹುಡುಗಿ, ಭಾರೀ ಜಾಣೆ. ನಮ್ಮ ಊರಿನವರು ಒಂದೇ ಅರ್ಜಿಯಲ್ಲಿ ಚರಂಡಿ, ಬೀದಿದೀಪ, ಪಕ್ಕದ ಮನೆಯವರ ಎಮ್ಮೆ ಎಲ್ಲವನ್ನೂ ತುರುಕುವವರು. ಕಂಪ್ಯೂಟರಿಗಾದರೋ ಒಂದು ಅರ್ಜಿಗೆ ಒಂದೇ ದೂರು. ಯಾರ ಸಂಕಟವೂ ಬಿಟ್ಟುಹೋಗಬಾರದೆಂಬ ಒಳ್ಳೆಯ ಮನಸ್ಸಿನಿಂದ ಆ ಹುಡುಗಿ ಒಂದೊಂದನ್ನೂ ಬಿಡಿಸಿ ಬಿಡಿಸಿ ಹಾಕುತ್ತಾಳೆ. ಹಾಗೆಯೇ ತಮ್ಮನ್ನೂ ಬಿಡಿಸಿದಳು. ತಮ್ಮ ಮುಂದಿನ ಅರ್ಧ ಕುಡಿಯುವ ನೀರಿನ ವಿಭಾಗಕ್ಕೆ ಹೋಯಿತು, ಹಿಂದಿನ ಅರ್ಧ ನಾಯಿ ಹಾವಳಿಯ ವಿಭಾಗಕ್ಕೆ ಹೋಯಿತು. ಎರಡು ನಂಬರಿನ ಎರಡು ಮೆಸೇಜು ಒಟ್ಟಿಗೆ ಮೊಬೈಲಿಗೆ ಬಂದಾಗ, ನನ್ನ ದೂರನ್ನು ಎರಡು ಪಟ್ಟು ಗಂಭೀರವಾಗಿ ತೆಗೆದುಕೊಂಡಿದ್ದಾರೆ ಎಂದು ನಾನು ಚಹಾದಂಗಡಿಯಲ್ಲಿ ಎದೆ ಉಬ್ಬಿಸಿಕೊಂಡು ತೋರಿಸಿದ್ದೂ ಉಂಟು.

ತಮ್ಮ ಮುಂದಿನ ಅರ್ಧದ ಸಮಾಚಾರ ಮೊದಲು ಕೇಳಿ. ನಾಲ್ಕನೆಯ ದಿನಕ್ಕೆ ಊರಿನ ನೀರಗಂಟಿ ಉಜ್ಜಿನಪ್ಪ ಪೈಪು, ಸ್ಪ್ಯಾನರು ಹಿಡಿದುಕೊಂಡು ಮನೆ ಬಾಗಿಲಿಗೆ ಬಂದ. ಮನೆ ಮುಂದೆ ಒಂದು ನಲ್ಲಿ ಬೇಕೆಂದು ನಾನು ಒಂಬತ್ತು ವರ್ಷದಲ್ಲಿ ಆರು ಅರ್ಜಿ ಕೊಟ್ಟಿದ್ದೆ, ಆರಕ್ಕೂ ಅವನು ತುಟಿ ಪಿಟಕ್ಕೆಂದಿರಲಿಲ್ಲ. ನಾನು ಕೇಳದೇ ಇದ್ದ ಏಳನೆಯದಕ್ಕೆ ಬಂದು, ‘ಕಂಟಕವಾಗಿರುವ ನೀರು ಅಂತ ಬರದೀರಲ್ಲ ಯಜಮಾನ್ರ, ಓದಿ ಕರುಳು ಚುರುಕ್ ಅಂತು’ ಎಂದು ಹೇಳಿ, ಅರ್ಧ ಗಂಟೆಯಲ್ಲಿ ನಲ್ಲಿ ಕೂರಿಸಿ ಹೋದ. ಹೀಗಾಗಿ ತಮ್ಮ ಮುಂದಿನ ಅರ್ಧ ಈಗ ನಮ್ಮ ಮನೆಯ ಮುಂದೆ ಬೆಳಗ್ಗೆ ಎರಡು ತಾಸು ಧೋ ಎಂದು ಸುರಿಯುತ್ತಿದೆ. ಹುಲುಗಮ್ಮ ಅದಕ್ಕೆ ಅರಿಶಿನ ಕುಂಕುಮ ಹಚ್ಚಿದ್ದಾಳೆ. ಈ ಉಪಕಾರಕ್ಕಾಗಿ ತಮಗೆ ನಮ್ಮ ಇಡೀ ಓಣಿಯ ಪರವಾಗಿ ಧನ್ಯವಾದಗಳು.

ತಮ್ಮ ಹಿಂದಿನ ಅರ್ಧ ಮಾತ್ರ ಅಷ್ಟು ಸುಲಭದಲ್ಲಿ ಬಗೆಹರಿಯಲಿಲ್ಲ. ಅದರ ತನಿಖೆಗೆ ಬಂದವರು ಮೌನೇಶ್ ಸಾಹೇಬರು. ಸಂಡೂರು ಕಡೆಯ ಬಂಡ್ರಿಯವರು, ಒಳ್ಳೆಯ ಮನುಷ್ಯರು, ಚಹಾ ಕೊಟ್ಟರೂ ಬೇಡವೆನ್ನುವಷ್ಟು ನಿಯತ್ತು. ಆದರೆ ಗುಡ್ಡ, ಅದಿರಿನ ಲಾರಿ, ಕೆಂಪು ಧೂಳು ನೋಡಿ ಬೆಳೆದವರು; ಹೊಳೆಯೊಳಗೆ ಮೀನು, ಮೊಸಳೆ ಬಿಟ್ಟರೆ ಇನ್ನಾರೂ ಸಂಸಾರ ಹೂಡಿರುವುದಿಲ್ಲವೆಂದು ನಂಬಿದವರು. ಅವರ ಬಳಿ ಒಂದು ನಮೂನೆ ಇತ್ತು, ಅದರಲ್ಲಿ ನಾಯಿಗೆ ಸಂಬಂಧಿಸಿದ ಪ್ರಶ್ನೆಗಳಿದ್ದವು. ಬಣ್ಣ ಯಾವುದೆಂದರು, ಒದ್ದೆಯಾದಾಗ ಕಪ್ಪು, ಒಣಗಿದಾಗ ಕಂದು ಎಂದೆ. ‘ಎರಡು ಜಾತಿಯ ನಾಯಿ’ ಎಂದು ಬರೆದುಕೊಂಡರು. ಕಾಲು ಹೇಗೆಂದರು, ಗಿಡ್ಡ, ಬೆರಳುಗಳ ನಡುವೆ ಬಾತುಕೋಳಿಗೆ ಇರುವಂಥ ಚರ್ಮ ಎಂದೆ. ‘ಚರ್ಮರೋಗವಿದೆ’ ಎಂದು ಬರೆದುಕೊಂಡರು. ಬಾಲ ಹೇಗೆಂದರು, ಚಪ್ಪಟೆ, ಹರಿಗೋಲಿನ ಹುಟ್ಟಿನ ಹಾಗೆ ಎಂದೆ. ‘ಬಾಲ ಚಪ್ಪಟೆ, ಹುಟ್ಟಿನಿಂದಲೇ’ ಎಂದು ಬರೆದುಕೊಂಡರು. ಕೊನೆಗೆ, ಬೊಗಳುತ್ತದೆಯೇ ಎಂದು ಕೇಳಿದಾಗ ಇಲ್ಲ, ಸಿಳ್ಳೆ ಹಾಕುತ್ತದೆ ಎಂದು ಸತ್ಯವನ್ನೇ ಹೇಳಿದೆ. ಅವರು ಪೆನ್ನು ಕೆಳಗಿಟ್ಟು ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, ‘ಯಜಮಾನ್ರ, ಬೆಳಿಗ್ಗೇನೇ ಏನರ ತಗೊಂಡೀರೇನ್ರಿ?’ ಎಂದು ಭಾಳ ಮರ್ಯಾದೆಯಿಂದ ಕೇಳಿದರು.

ನಾನು ಓಡಿಹೋಗಿ ಸುಧಾರಾಣಿಯ ಮುಂದೆ ತಲೆ ಚಚ್ಚಿಕೊಂಡೆ. ಆ ಹುಡುಗಿ ನನ್ನ ಅರ್ಜಿಯನ್ನು ತೆಗೆದು ಎರಡು ಸಾಲನ್ನೂ ಕೂಡಿಸಿ ಓದಿ, ‘ಅಯ್ಯ, ನೀರ್ನಾಯಿ ಏನ್ ಮಾವ ಇದು! ನನಗರ ಏನ್ ಗೊತ್ತು, ನೀರಿಂದೊಂದು, ನಾಯಿದೊಂದು ಅಂತ ತಿಳ್ಕೊಂಡೆ’ ಎಂದು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಆದರೆ ಒಮ್ಮೆ ನಂಬರು ಬಿದ್ದ ದೂರನ್ನು ಅಳಿಸಲು ಅವಳಿಗೆ ಬರುವುದಿಲ್ಲವಂತೆ. ಗುರುವಾರ ಹನ್ನೊಂದಕ್ಕೆ ಸ್ಥಳ ಪರಿಶೀಲನೆ ನಿಗದಿಯಾಗಿದೆ. ಅಂದು ಅಲ್ಲಿರುವುದು ನಾಯಿಯಲ್ಲವೆಂದು ಮೌನೇಶ್ ಸಾಹೇಬರು ಕಣ್ಣಾರೆ ಕಂಡು ಬರೆದರೆ ಮಾತ್ರ ಕಡತ ಮುಚ್ಚುತ್ತದೆ. ಏನೂ ಕಾಣದಿದ್ದರೆ, ನಾಯಿಗಳು ಅಡಗಿಕೊಂಡಿವೆ ಎಂದು ತಿಳಿದು, ಅವು ಅಡಗುವ ಜೊಂಡಿನ ಮೆಳೆಯನ್ನು ಅದೇ ದಿನ ಜೆಸಿಬಿ ಹಚ್ಚಿ ಬುಡಸಮೇತ ಕಿತ್ತು, ಪೊಟರೆಗಳಿಗೆ ಮಣ್ಣು ತುಂಬುತ್ತಾರೆ. ಇಷ್ಟನ್ನೂ ಓದಿ ಹೇಳಿ ಸುಧಾರಾಣಿ ಆ ಕಾಗದವನ್ನು ನನ್ನ ಕೈಗಿಟ್ಟಳು.

ಡ್ಯಾಮಿನಿಂದ ಕಂಪ್ಲಿ ಸೇತುವೆಯವರೆಗೆ ಹೊಳೆಯನ್ನೇ ಸರ್ಕಾರ ತಮ್ಮ ಹೆಸರಿಗೆ ಮೀಸಲು ಬಿಟ್ಟಿರುವಾಗ ಇದೆಂಥ ಅನ್ಯಾಯವೆಂದು ತಾವು ಕೇಳಬಹುದು. ನಾನೂ ಕೇಳಿದೆ. ಅರಣ್ಯ ಇಲಾಖೆಯ ಪರವಾಗಿ ಹೊಳೆ ಕಾಯುವ ವಾಚರ್ ರಾಯಣ್ಣನ ಮನೆಗೇ ಹೋಗಿ ಕೇಳಿದೆ. ಅವನು ಕಾಗದವನ್ನು ಮೂರು ಸಲ ಓದಿ, ‘ಇದರಾಗ ನಾಯಿ ಅಂತ ಐತಿ. ನಾಯಿ ನನ್ನ ಕೈಯಾಗ ಬರೂದಿಲ್ಲ. ನೀರ್ನಾಯಿ ಅಂತ ಒಂದು ಅಕ್ಷರ ಬರಸ್ರಿ, ಆಮ್ಯಾಲೆ ಆ ಜೆಸಿಬಿ ಮುಂದ ನಾನ ಮಲಕ್ಕೊಂತೀನಿ’ ಎಂದ. ಅವನೇ ಒಂದು ವಿಷಯ ಹೇಳಿದ. ತಮಗೂ ನಾಯಿಯ ಕುಲಕ್ಕೂ ಯಾವ ನಂಟೂ ಇಲ್ಲವಂತೆ. ತಮ್ಮ ನಿಜವಾದ ದಾಯಾದಿ ಗುಡ್ಡಗಾಡಿನಲ್ಲಿ ಬಿಲ ತೋಡುವ ತರಕರಡಿಯಂತೆ. ಅದರ ಹೆಸರಿನಲ್ಲಿ ಕರಡಿ ಇದೆ, ಅದು ಕರಡಿಯಲ್ಲ. ತಮ್ಮ ಹೆಸರಿನಲ್ಲಿ ನಾಯಿ ಇದೆ, ತಾವು ನಾಯಿಯಲ್ಲ. ಹೆಸರಿಡುವ ದಿನ ತಮ್ಮ ಮನೆತನದ ಹಿರಿಯರು ಎಲ್ಲಿ ಹಾಳಾಗಿ ಹೋಗಿದ್ದರೋ ನಾನರಿಯೆ. ಒಂದು ಆಕ್ಷೇಪಣೆಯಾದರೂ ಹಾಕಬಾರದಿತ್ತೇ? ನನ್ನ ಬಳಿ ಬಂದಿದ್ದರೆ ನಾನೇ ಬರೆದುಕೊಡುತ್ತಿದ್ದೆ.

ಈಗ ಹೇಳಲು ಕಷ್ಟವಾಗುವ ಮಾತೊಂದನ್ನು ಹೇಳಬೇಕಾಗಿದೆ. ಮೊನ್ನೆ ಹುಲುಗಮ್ಮ ಹರಿದ ಬಲೆಯನ್ನು ತೊಡೆಯ ಮೇಲೆ ಹರಡಿಕೊಂಡು ಸರಿಮಾಡಲು ಕೂತಳು. ಆಮೇಲೆ ನನ್ನನ್ನು ಕರೆದು ತೂತಿನ ಅಂಚನ್ನು ತೋರಿಸಿದಳು. ಗಂಟಿನಲ್ಲಿ ಸಣ್ಣನೆಯ, ಮೆತ್ತಗಿನ ಕೂದಲು ಸಿಕ್ಕಿಕೊಂಡಿತ್ತು, ಮರಿಯ ಮೈಯದು. ತೂತಿನ ಸುತ್ತ ಒಂದೇ ಸಮನೆ ಕಚ್ಚಿ ಕಡಿದ ಗುರುತು. ‘ಅವತ್ತು ಎಷ್ಟು ಮೀನು ಹೋಗಿದ್ವು?’ ಎಂದು ಕೇಳಿದಳು. ನಾನು ನೆನಪು ಮಾಡಿಕೊಂಡೆ. ಒಂದೂ ಹೋಗಿರಲಿಲ್ಲ, ಎಲ್ಲ ಮೀನಿನ ತಲೆಯೂ ನೆಟ್ಟಗಿತ್ತು. ಸಿಟ್ಟಿನಲ್ಲಿ ನಾನು ತೂತು ನೋಡಿದೆನೇ ಹೊರತು ಮೀನು ನೋಡಿರಲಿಲ್ಲ. ‘ಇದು ಹೊಟ್ಟೀಗೆ ಹರದದ್ದಲ್ಲ. ಮರಿ ಸಿಕ್ಕೊಂಡಿತ್ತು, ತಾಯಿ ಬಿಡಿಸ್ಕೊಂಡು ಹೋಗ್ಯಾಳ. ಮುಳುಗಿ ಸಾಯ್ತಿತ್ತು ಅದು. ನೀವು ನೋಡಿದ್ರ ಆಕೀ ಮ್ಯಾಲೆ ಅರ್ಜಿ ಬರದೀರಿ’ ಎಂದಳು ಹುಲುಗಮ್ಮ. ಅಮ್ಮಾ, ಮೂವತ್ತೆಂಟು ವರ್ಷದಲ್ಲಿ ಅಷ್ಟು ಅವಮಾನ ನನಗೆ ಯಾವತ್ತೂ ಆಗಿರಲಿಲ್ಲ. ನೀರು ಕಂಡರೆ ಹೆದರುವ ಮರಿಗಳನ್ನು ಕತ್ತು ಕಚ್ಚಿ ಎಳೆದು ತಂದು, ಬೇಡವೆಂದು ಚೀರಿದರೂ ಬಿಡದೆ ತಾವು ಈಜು ಕಲಿಸುವುದನ್ನು ಇದೇ ಕಣ್ಣಿಂದ ನೋಡಿದ್ದೇನೆ. ನೋಡಿ ಬಿದ್ದು ಬಿದ್ದು ನಕ್ಕಿದ್ದೇನೆ. ಅಂಥ ಮರಿಯೊಂದು ನನ್ನ ಬಲೆಯಲ್ಲಿ ಉಸಿರು ಕಟ್ಟಿಕೊಂಡಿತ್ತು. ತಪ್ಪಾಯಿತು, ಕ್ಷಮಿಸಿ.

ಕ್ಷಮೆ ಕೇಳಿದ ಮೇಲೆ ಅರ್ಜಿದಾರನ ಸಹಜ ಸ್ವಭಾವದಂತೆ ಕೆಲವು ಬೇಡಿಕೆಗಳನ್ನೂ ಮುಂದಿಡುತ್ತಿದ್ದೇನೆ. ಹನ್ನೊಂದು ಗಂಟೆ ತಮಗೆ ಊಟ ಮುಗಿಸಿ ಮರಳಿನ ಮೇಲೆ ಅಂಗಾತ ಮಲಗುವ ಹೊತ್ತೆಂದು ನನಗೆ ಗೊತ್ತು. ಆದರೆ ಸರ್ಕಾರಿ ಹೊತ್ತು ಹನ್ನೊಂದೇ, ಅದೂ ಹನ್ನೊಂದೂವರೆಯಾಗಬಹುದು, ಆದ್ದರಿಂದ ಅಂದು ನಿದ್ದೆಯನ್ನು ಸ್ವಲ್ಪ ಮುಂದೂಡಬೇಕು. ಸಾಧ್ಯವಾದರೆ ಹನ್ನೊಂದೂ ಜನ ಎತ್ತರದ ಪ್ರಕಾರ ಚಪ್ಪಟೆ ಬಂಡೆಯ ಮೇಲೆ ನಿಂತು, ಮುಂಗಾಲೆತ್ತಿ, ಬೆರಳು ಅಗಲಿಸಿ, ನಡುವಿನ ಚರ್ಮ ರೋಗವಲ್ಲವೆಂದು ಸಾಹೇಬರಿಗೆ ತೋರಿಸಬೇಕು. ಬಾಲ ಅಳೆಯಲು ಟೇಪು ತಂದಿರುತ್ತಾರೆ, ಆಗ ಕಚ್ಚಬಾರದು. ಕಚ್ಚಿದರೆ ನಾಯಿಯೆಂದೇ ಬರೆಯುತ್ತಾರೆ. ಮರಳಿನಲ್ಲಿ ಹೊರಳುವ ಅಭ್ಯಾಸವನ್ನು ಆ ಒಂದು ದಿನದ ಮಟ್ಟಿಗೆ ಬಿಡಬೇಕು, ಏಕೆಂದರೆ ನಮ್ಮ ಊರಿನ ನಾಯಿಗಳೂ ಥೇಟ್ ಹಾಗೆಯೇ ಹೊರಳುತ್ತವೆ, ಕೇಸು ಕೆಡುತ್ತದೆ. ಸಿಳ್ಳೆಯನ್ನು ಮಾತ್ರ ಎಷ್ಟು ಜೋರಾಗಿ ಹಾಕಿದರೂ ಅಡ್ಡಿಯಿಲ್ಲ. ನಾನು ಕುಡಿದು ಮಾತಾಡಿರಲಿಲ್ಲವೆಂದು ಆ ಸಾಹೇಬರಿಗೆ ಗೊತ್ತಾಗಬೇಕಾಗಿದೆ. ಹೆಸರು ಕೇಳಿದರೆ ನೀರುನಾಯಿ ಎಂದು ಒಂದೇ ಉಸಿರಿನಲ್ಲಿ ಹೇಳಬೇಕು, ನಡುವೆ ಉಸಿರು ತೆಗೆದುಕೊಂಡರೆ ನನಗಾದ ಗತಿಯೇ ತಮಗೂ ಆದೀತು.

ಇದಿಷ್ಟನ್ನೂ ತಾವು ಮಾಡುವುದಿಲ್ಲವೆಂದು ನನಗೆ ಗೊತ್ತು. ಬರಬೇಡಿ ಎಂದು ಕೈಮುಗಿದ ದಿನವೆಲ್ಲ ತಪ್ಪದೆ ಬಂದವರು ತಾವು, ಬನ್ನಿ ಎಂದು ಕಾಲು ಹಿಡಿದ ದಿನ ಬರುತ್ತೀರೆಂದು ಯಾವ ಭರವಸೆ? ಆದರೂ ಬನ್ನಿ. ಆ ಮೆಳೆ ಹೋದರೆ ತಮ್ಮ ಮನೆ ಹೋಗುತ್ತದೆ, ಅದು ಹೋಗುವುದು ನನ್ನ ಕೈಬರಹದಿಂದ. ಬೆಳಗ್ಗೆ ಹರಿಗೋಲು ಬಿಡುವಾಗ ಬೈಯಲು ಯಾರೂ ಇಲ್ಲದ ಹೊಳೆಯನ್ನು ನಾನು ಹೇಗೆ ನೋಡಲಿ?

ಇಂತಿ, ಬಲೆ ಒಣಗಿಸುವ ದಿನಗಳಲ್ಲಿ ತಪ್ಪದೆ ಹಾಗೂ ಬಲೆ ಎತ್ತುವ ದಿನಗಳಲ್ಲಿ ಹಲ್ಲು ಕಚ್ಚಿಕೊಂಡು,

ತಮ್ಮ ವಿಶ್ವಾಸಿ,
ಮೂಕಣ್ಣ,
ಹೊಳೆಹಾಳು

ತಾ.ಕ.: ಗುರುವಾರ, ಮಧ್ಯಾಹ್ನದ ಊಟವಾದ ಮೇಲೆ ಬರೆದದ್ದು. ತಾವು ಹಾಜರಿದ್ದಿರಾದರೂ ಬಾಯಿ ತುಂಬ ಮೀನಿದ್ದುದರಿಂದ ನಡೆದದ್ದೆಲ್ಲ ಗಮನಕ್ಕೆ ಬಂದಿರಲಾರದೆಂದು ವರದಿ ಒಪ್ಪಿಸುತ್ತಿದ್ದೇನೆ. ಚಹಾದಂಗಡಿಯ ಗೋಡೆ ಓದಿ ಅರ್ಧ ಊರು ದಂಡೆಗೆ ಬಂದಿತ್ತು. ಮೌನೇಶ್ ಸಾಹೇಬರು, ಹೊಸಪೇಟೆಯಿಂದ ನಾಯಿ ಹಿಡಿಯುವ ವ್ಯಾನು, ಕುಣಿಕೆ ಹಿಡಿದ ಇಬ್ಬರು, ಹಿಂದೆ ಹಳದಿ ಜೆಸಿಬಿ. ಹನ್ನೊಂದಾಯಿತು, ಹನ್ನೆರಡಾಯಿತು, ಹನ್ನೆರಡೂ ಕಾಲಾಯಿತು. ತಾವು ಬರಲಿಲ್ಲ. ‘ಸ್ಥಳದಲ್ಲಿ ಯಾವ ಪ್ರಾಣಿಯೂ ಕಂಡುಬರಲಿಲ್ಲ’ ಎಂದು ಸಾಹೇಬರು ಬರೆಯತೊಡಗಿದರು, ಜೆಸಿಬಿ ಗುರ್ರೆಂದು ಮೆಳೆಯ ಕಡೆ ತಿರುಗಿತು, ಸುಧಾರಾಣಿ ಅಳತೊಡಗಿದಳು. ನನಗೆ ಮಾತೇ ಹೊರಡಲಿಲ್ಲ, ಅಪ್ಪ ಇಟ್ಟ ಹೆಸರು ಇಂದು ಸಾರ್ಥಕವಾಯಿತು.

ಆಗ ಹುಲುಗಮ್ಮ ಕೂಗಿದಳು: ‘ಏನ್ ಕಂಬಾದಂಗ ನಿಂತೀರಿ, ಬಲೆ ಬಿಡ್ರಿ ನೀರಿಗೆ! ಅವಕ್ಕ ಕಾಗದ ಓದಾಕ ಬರೂದಿಲ್ಲ, ಬಲೆ ಓದಾಕ ಬರ್ತೈತಿ!’ ಹಿಂದಿನ ದಿನವಷ್ಟೇ ಸರಿಮಾಡಿ ಮುಗಿಸಿದ್ದ ಬಲೆಯನ್ನು ನಾನು ಹರಿಗೋಲಿನಲ್ಲಿ ಹೋಗಿ ಬಂಡೆಯಿಂದ ಮೆಳೆಯವರೆಗೆ ಬಿಟ್ಟೆ. ಕಂಪ್ಲಿಯ ಸಂತೆಗೆಂದು ಕೊಡದಲ್ಲಿ ಜೀವಂತ ಇಟ್ಟಿದ್ದ ಕೊರಮೀನುಗಳನ್ನೆಲ್ಲ ಆಕೆ ಸೊಂಟದ ಮಟ್ಟ ನೀರಿಗಿಳಿದು ಅದರೊಳಗೆ ಸುರಿದಳು. ಹತ್ತು ಎಣಿಸುವಷ್ಟರಲ್ಲಿ ಸಿಳ್ಳೆ ಕೇಳಿಸಿತು. ಒಂದು ತಲೆ, ಮೂರು ತಲೆ, ಹನ್ನೊಂದು ತಲೆ! ಜೆಸಿಬಿಯವನು ಎಂಜಿನ್ ಆರಿಸಿ ಮೊಬೈಲು ತೆಗೆದ. ಕುಣಿಕೆ ಹಿಡಿದವನು, ‘ಅಬಾಬಾ, ಇದಕ್ಕ ಕುಣಿಕಿ ಹಾಕೋದು ಎಲ್ಲಿಗ್ರಿ, ತಲಿಯಿಂದ ಬಾಲದ ತನಕ ಒಂದ ದಪ್ಪ ಐತಿ, ಕುತ್ತಿಗೀನ ಇಲ್ಲ!’ ಎಂದು ಕುಣಿಕೆ ಬಿಸಾಕಿದ. ತಾವಂತೂ ಚಪ್ಪಟೆ ಬಂಡೆಯೇರಿ, ಕೊರಮೀನನ್ನು ಎರಡೂ ಕೈಯಲ್ಲಿ ಹಿಡಿದು, ಸಾಹೇಬರ ಮುಖ ನೋಡಿಕೊಂಡೇ ತಲೆಯಿಂದ ಶುರುಮಾಡಿದಿರಿ. ‘ಕೈಯಾಗ ಹಿಡಕೊಂಡು ತಿನ್ನಾಕತ್ತೈತಲ್ರೀ!’ ಎಂದು ಮೌನೇಶ್ ಸಾಹೇಬರು ಮಗುವಿನ ಹಾಗೆ ಚೀರಿ, ಬರೆದದ್ದನ್ನು ಹೊಡೆದುಹಾಕಿ, ಹೊಸದಾಗಿ ಬರೆದು ಸಹಿ ಹಾಕಿದರು: ‘ಅರ್ಜಿದಾರರು ತಿಳಿಸಿದ ಪ್ರಾಣಿಯು ನಾಯಿಯಲ್ಲ, ನೀರುನಾಯಿ. ಆದ್ದರಿಂದ ಅರ್ಜಿದಾರರಿಗೆ ನಾಯಿಯಿಂದ ಯಾವುದೇ ತೊಂದರೆ ಇರುವುದಿಲ್ಲ. ದೂರು ವಜಾ.’ ಕಾಗದವನ್ನು ರಾಯಣ್ಣ ಎರಡೂ ಕೈಯಲ್ಲಿ ಇಸಿದುಕೊಂಡ. ಮೂವತ್ತೆಂಟು ವರ್ಷದಲ್ಲಿ ನನ್ನ ಅರ್ಜಿಯೊಂದು ವಜಾ ಆದದ್ದಕ್ಕೆ ಊರೆಲ್ಲ ಚಪ್ಪಾಳೆ ತಟ್ಟಿದ್ದು ಇದೇ ಮೊದಲು, ನಾನೂ ತಟ್ಟಿದೆ.

ಬಲೆಯಲ್ಲಿ ಈಗ ಹದಿಮೂರು ತೂತುಗಳಿವೆ. ಹುಲುಗಮ್ಮ ಹೊಸ ನಲ್ಲಿಯ ಪಕ್ಕ ಕೂತು ಹೊಲಿಯುತ್ತಿದ್ದಾಳೆ. ಹನ್ನೆರಡನ್ನು ಮುಚ್ಚಿ, ತಳದ ಒಂದನ್ನು ಮಾತ್ರ ಅಂಚು ಕಟ್ಟಿ ಹಾಗೇ ಬಿಡುತ್ತಾಳಂತೆ, ಮರಿ ಸಿಕ್ಕಿಕೊಂಡರೆ ನುಸುಳಿ ಹೋಗಲು. ಅದು ಮರಿಗಳ ಬಾಗಿಲು, ಮರಿಗಳಿಗೆ ಮಾತ್ರ. ತಾವಾಗಲಿ ತಮ್ಮ ಯಜಮಾನರಾಗಲಿ ಆ ದಾರಿಯಲ್ಲಿ ಮೀನು ಹೊರಗೆ ಸಾಗಿಸುವುದು ಕಂಡರೆ ಇನ್ನೊಂದು ಅರ್ಜಿ ಬರೆಯುತ್ತೇನೆ. ದೊಡ್ಡ ಹಾಳೆ ತಂದಿಟ್ಟುಕೊಂಡಿದ್ದೇನೆ. ಈ ಸಲ ತಮ್ಮ ಹೆಸರು ಒಂದೇ ಸಾಲಿನಲ್ಲಿ ಹಿಡಿಯುತ್ತದೆ.